ಅಪೆನಿಸಾ ಬಿದ್ದ ಶನಿವಾರ

ಕೆಲೆಪಿಯ ಹಂದಿಮರಿ ಬೇಲಿ ನುಸುಳಿ ಹೊರಗೆ ಬಂದದ್ದು ಅಪೆನಿಸಾನ ತಪ್ಪಲ್ಲ. ಅದೇ ಹೊತ್ತಿಗೆ ಅವನು ಅಂಗಳಕ್ಕೆ ಇಳಿದದ್ದೂ ತಪ್ಪಲ್ಲ. ಸಿಂಗತೋಕ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿರುವವನು ಬೆಳಿಗ್ಗೆ ಬಸ್ಸಿಗೆ ಹೊರಡದೆ ಇನ್ನೆಲ್ಲಿಗೆ ಹೊರಟಾನು? ಆದರೆ "ಭಾವಾ, ಹಿಡಿ ಹಿಡಿ, ನಿನ್ನ ಕಡೆಗೇ ಬರ್ತಿದೆ" ಎಂದು ಪಕ್ಕದ ಮನೆಯಿಂದ ಕೆಲೆಪಿ ಕೂಗಿದಾಗ, ಊಟದ ಡಬ್ಬಿಯನ್ನು ಕೆಳಗಿಟ್ಟು, ಉಟ್ಟಿದ್ದ ಲುಂಗಿಯಂಥ ಸುಲುವನ್ನು ಮೊಣಕಾಲಿನ ಮೇಲಕ್ಕೆ ಎತ್ತಿ, ಮುಂದಕ್ಕೆ ಬಾಗಿ ನಿಂತನಲ್ಲ, ಅದು ಮಾತ್ರ ಪೂರಾ ಅವನದೇ ತಪ್ಪು.

ಹಾಗೆ ನಿಲ್ಲದೇ ಇರುವುದು ಅವನ ಕೈಲಿರಲಿಲ್ಲ. ಅಪೆನಿಸಾ ಒಂದು ಕಾಲದಲ್ಲಿ ದೇಶದ ರಗ್ಬಿ ತಂಡದಲ್ಲಿ ಆಡಿದವನು. ಚೆಂಡು ಹಿಡಿದು ಹೊರಟನೆಂದರೆ ಕೈಗೆ ಸಿಕ್ಕಂತೆ ಮಾಡಿ ಜಾರಿಬಿಡುತ್ತಿದ್ದ. ಅದಕ್ಕೇ ಊರು ಅವನಿಗೆ 'ಹಾವುಮೀನು' ಎಂದು ಹೆಸರಿಟ್ಟಿತ್ತು. ಈಗ ಹಾವುಮೀನಿಗೆ ಐವತ್ತು ಹತ್ತಿರವಾಗಿತ್ತು. ತಲೆ ನುಣ್ಣಗಾಗಿತ್ತು, ಹೊಟ್ಟೆ ಮನೆಯ ಯಜಮಾನನ ಹಾಗೆ ಎಲ್ಲಕ್ಕೂ ಮುಂದೆ ನಡೆಯುತ್ತಿತ್ತು. ಹಂದಿಮರಿಗೆ ಇದೆಲ್ಲ ಗೊತ್ತಿರಲಿಲ್ಲ. ಅದು ನೇರ ಅವನ ಕಡೆಗೇ ಬಂತು, ಎಡಕ್ಕೆ ಹೋಗುವಂತೆ ಮಾಡಿ ಬಲಕ್ಕೆ ತಿರುಗಿತು. ಅಪೆನಿಸಾ ಎಡಕ್ಕೆ ಹಾರಿದ. ಸುಲು ಕಾಲಿಗೆ ತೊಡರಿ, ಕೆಸುವಿನ ಪಾತಿಯ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದ. ತನ್ನದೇ ವರಸೆ, ತನ್ನದೇ ಅಂಗಳದಲ್ಲಿ, ಒಂದು ಹಂದಿಮರಿಯಿಂದ.

ತಲೆಯೆತ್ತಿ ನೋಡಿದರೆ ಕೆಲೆಪಿ ಮರಿಯ ಹಿಂದೆ ಓಡಿರಲಿಲ್ಲ. ಮರಿ ಹೋದರೆ ಹೋಗಲಿ ಎಂದು ಫೋನ್ ಹಿಡಿದು ನಿಂತಿದ್ದ.

"ಭಾವ, ಒಂದು ನಿಮಿಷ ಹಾಗೇ ಇರು. ಮೂಗಿನ ಮೇಲಿನ ಕೆಸರು ಒರೆಸ್ಕೋಬೇಡ" ಎಂದ.

ಕೆಲೆಪಿ ಅಪೆನಿಸಾನ ಸೋದರಮಾವನ ಮಗ, ತಂಗಿಯ ಗಂಡನೂ ಹೌದು. ಭಾವ ಮೈದುನರ ತಮಾಷೆಗೆ ಆ ಊರಿನಲ್ಲಿ ಮಿತಿಯಿಲ್ಲ, ಅದಕ್ಕೆ ಸಿಟ್ಟಾಗುವ ಹಕ್ಕೂ ಇಲ್ಲ. ಅಪೆನಿಸಾ ಮುಖ ತೊಳೆದು, ಬೇರೆ ಅಂಗಿ ಹಾಕಿಕೊಂಡು ಬಸ್ಸಿಗೆ ಹೋದ.

ಅವನಿಗಿಂತ ಮೊದಲು ಅವನು ಬಿದ್ದ ಚಿತ್ರ ಬಸ್ಸು ಹತ್ತಿತ್ತು. ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಒಂದು ಫೋನು ಕೈಯಿಂದ ಕೈಗೆ ಪ್ರಸಾದದಂತೆ ಬರುತ್ತಿತ್ತು. ಡ್ರೈವರ್ ಬಾಗಿಲಿನ ಹತ್ತಿರ ಬಗ್ಗಿ, "ಹತ್ತೋಕೆ ಕೈ ಕೊಡ್ಲಾ ಅಪೆನಿಸಾ? ನಿಧಾನ. ಬಸ್ಸೇನೂ ಹಂದಿ ಅಲ್ಲ, ನಿಂತಿರತ್ತೆ" ಎಂದ.

ಇಡೀ ಬಸ್ಸು ನಕ್ಕಿತು. ಆದರೆ ಕೆಟ್ಟ ನಗೆಯಲ್ಲ. ಒಬ್ಬಳು ಮುದುಕಿ ಎದ್ದು ಅವನಿಗೆ ಜಾಗ ಬಿಟ್ಟುಕೊಟ್ಟಳು. ಅವಳಿಗೆ ಎಂಬತ್ತು ದಾಟಿತ್ತು. ಅಪೆನಿಸಾನಿಗೆ ನಗೆಗಿಂತ ಆ ಜಾಗ ಹೆಚ್ಚು ಚುಚ್ಚಿತು.

ಅಂಗಡಿಯಲ್ಲಿ ಮಾಲೀಕ ಜಗೇಸರ್ ಖುಷಿಯಲ್ಲಿದ್ದ. ಬಾಗಿಲು ತೆಗೆಯುವ ಮೊದಲೇ ಹೊರಗೆ ಜನ ನಿಂತಿದ್ದರು.

"ನಿನ್ನನ್ನ ನೋಡೋಕೆ ಬಂದಿದಾರೆ" ಎಂದ ಅವನು, "ಆದ್ರೆ ಸುಮ್ನೆ ನೋಡೋಕಾಗಲ್ಲ, ಏನಾದ್ರೂ ಕೊಳ್ಳಬೇಕು ಅಂತ ಹೇಳಿದೀನಿ."

ಜನ ಕೊಂಡರು. ಒಬ್ಬ ಒಂದು ಮೊಳೆ ಕೊಂಡು ಹೊರಗೆ ಹೋಗಿ, ಮತ್ತೆ ಸಾಲಿನಲ್ಲಿ ನಿಂತು ಇನ್ನೊಂದು ಮೊಳೆ ಕೊಂಡ. ಬಂದವರಿಗೆಲ್ಲ ಮೇಲಿನ ಅಟ್ಟದ ಪೇಂಟೇ ಬೇಕು. ಅಪೆನಿಸಾ ಏಣಿ ಹತ್ತುವಾಗ ಅಂಗಡಿಯಲ್ಲಿ ಉಸಿರೂ ಕೇಳುತ್ತಿರಲಿಲ್ಲ, ಅವನ ಮೊಣಕಾಲು 'ಲಟಕ್' ಎಂದಾಗ "ಕೇಳ್ತಾ? ಕೇಳ್ತಾ?" ಎಂದು ಪಿಸುಗುಡುತ್ತಿದ್ದರು. ಇಳಿದ ಮೇಲೆ ಪ್ರತಿಯೊಬ್ಬರದೂ ಒಂದೊಂದು ಮದ್ದು. ನೋನಿ ಎಲೆ ಬಿಸಿಮಾಡಿ ಕಟ್ಟು ಎಂದ ಒಬ್ಬ. ತೆಂಗಿನೆಣ್ಣೆ ತಿಕ್ಕು ಎಂದ ಇನ್ನೊಬ್ಬ. ಎಲ್ಲರ ಬಾಯಲ್ಲೂ 'ಪಾಪ' ಎಂಬ ಮಾತು, ಎಲ್ಲರ ಮುಖದಲ್ಲೂ ಹಬ್ಬದ ಕಳೆ.

ಇಬ್ಬರು ಹಿರಿಯರು ಕೌಂಟರಿಗೆ ಮೊಣಕೈ ಊರಿ ಅವನ ಎದುರಿಗೇ ವಾದಕ್ಕೆ ಬಿದ್ದರು.

"ಹಾವುಮೀನು ಇಳಿಯೋಕೆ ಶುರುವಾಗಿದ್ದು ಮದುವೆ ಆದ ವರ್ಷ."

"ಅಲ್ಲ ಮಾರಾಯ. ಮದುವೆ ಆದ್ಮೇಲೂ ಚೆನ್ನಾಗೇ ಆಡಿದ. ಆ ಮಳೇಲಿ ಚೆಂಡು ಬಿಟ್ನಲ್ಲ, ಆವತ್ತು ಶುರು."

"ಚೆಂಡು ಯಾಕೆ ಬಿಟ್ಟ? ಹೆಂಡ್ತಿ ನೆನಪಾಗಿ ಬಿಟ್ಟ. ನೀನೇ ಹೇಳಪ್ಪ ಅಪೆನಿಸಾ, ಯಾವಾಗಿಂದ?"

"ಕೆಂಪು ಪೇಂಟಾ, ಹಸಿರಾ?" ಎಂದು ಕೇಳಿದ ಅಪೆನಿಸಾ.

ಅವನು ಆಡುವುದನ್ನು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅವನು ಗೆದ್ದ ಪಂದ್ಯಗಳು ಈ ಜನಕ್ಕೆ ಮಸುಕು ಮಸುಕಾಗಿ ನೆನಪಿದ್ದವು. ಆದರೆ ಅವನ ಕೂದಲು ಉದುರಿದ್ದು, ಹೊಟ್ಟೆ ಬಂದದ್ದು, ಮೊದಲ ಸಲ ಕನ್ನಡಕ ಹಾಕಿದ್ದು ಎಲ್ಲವೂ ನಿನ್ನೆ ನಡೆದಂತೆ ನೆನಪಿತ್ತು. ನಾನು ಎದ್ದಾಗ ಇವರೆಲ್ಲ ಒಂದು ಸಲ ಚಪ್ಪಾಳೆ ತಟ್ಟಿ ಮನೆಗೆ ಹೋದರು, ಬೀಳುವುದನ್ನು ನೋಡಲು ಮಾತ್ರ ಚಾಪೆ ಹಾಸಿ ಕೂತಿದ್ದಾರೆ ಎಂದುಕೊಂಡ ಅವನು. ಮಧ್ಯಾಹ್ನದ ಹೊತ್ತಿಗೆ ಪಾದ್ರಿಯೇ ಬಂದು, ಅವನ ಭುಜದ ಮೇಲೆ ಕೈಯಿಟ್ಟು, "ಎಲ್ಲಾದಕ್ಕೂ ಒಂದು ಕಾಲ ಇರತ್ತಪ್ಪ" ಎಂದು ಹೇಳಿ, ಮೇಲಿನ ಅಟ್ಟದ ಪೇಂಟ್ ಕೇಳಿದಾಗ ಅಪೆನಿಸಾನ ತಾಳ್ಮೆಯ ದಾರ ಹರಿಯಿತು.

"ಇವತ್ತು ಸಂಜೆ ಮೈದಾನದಲ್ಲಿ ಹುಡುಗರ ಜೊತೆ ಆಡ್ತೀನಿ. ನೋಡೋರು ಅಲ್ಲಿಗೇ ಬನ್ನಿ" ಎಂದುಬಿಟ್ಟ.

ಮರುಗಳಿಗೆಗೆ ಅಂಗಡಿ ಖಾಲಿಯಾಯಿತು. ಸುದ್ದಿಯನ್ನು ಮೊದಲು ಯಾರು ಹೇಳಬೇಕೆಂದು ಪಾದ್ರಿಯೂ ಸೇರಿ ಎಲ್ಲರೂ ಓಡಿದ್ದರು.

ಮನೆಯಲ್ಲಿ ಹೆಂಡತಿ ಮೆರೆಸೇನಿ ಹಳೆಯ ಚಡ್ಡಿಯನ್ನು ಪೆಟ್ಟಿಗೆಯ ಅಡಿಯಿಂದ ತೆಗೆದಳು. ಗುಂಡಿ ಹಾಕಲಾಗಲಿಲ್ಲ. ಹಗ್ಗ ಕಟ್ಟಿದಳು.

"ಅವರು ನಕ್ಕರೆ ನಿಮ್ಮ ಗಂಟೇನು ಹೋಯ್ತು? ಯಾಕ್ರೀ ಈ ಉಸಾಬರಿ?" ಎಂದಳು.

"ಬಿದ್ದರೂ ಪರವಾಗಿಲ್ಲ, ಮನುಷ್ಯರ ಎದುರು ಬೀಳ್ತೀನಿ. ಹಂದಿ ಎದುರು ಬಿದ್ದವನು ಅಂತ ಸಾಯೋಕೆ ನಂಗಿಷ್ಟ ಇಲ್ಲ" ಎಂದ ಅಪೆನಿಸಾ.

ಮೆರೆಸೇನಿ ನಗಲಿಲ್ಲ. ಗಂಟನ್ನು ಇನ್ನೊಮ್ಮೆ ಬಿಗಿದಳು.

ನದಿಯ ದಂಡೆಯ ಮೈದಾನದಲ್ಲಿ ಆ ಸಂಜೆ ಕಾಲಿಡಲು ಜಾಗವಿರಲಿಲ್ಲ. ಚಾಪೆ ಹಾಸಿದ್ದರು, ರೊಟ್ಟಿ ಸುತ್ತಿ ತಂದಿದ್ದರು, ಅನಾನಸ್ ಹೆಚ್ಚುತ್ತಿದ್ದರು. ಜಗೇಸರ್ ಅಂಗಡಿಗೆ ಬೇಗ ಬೀಗ ಹಾಕಿ ಹೆಂಡತಿಯೊಡನೆ ಬಂದಿದ್ದ. ಕೆಲೆಪಿಯಂತೂ, ಆಟ ಮುಗಿದ ಮೇಲೆ ಭಾವನನ್ನು ಮನೆಗೆ ಸಾಗಿಸಲು ಬೇಕಾಗುತ್ತದೆಂದು ಮಣ್ಣು ಹೊರುವ ಕೈಗಾಡಿಯನ್ನೇ ತಳ್ಳಿಕೊಂಡು ಬಂದಿದ್ದ. ಅದರಲ್ಲಿ ಮೆತ್ತಗಿರಲೆಂದು ದಿಂಬೂ ಇತ್ತು.

ಆಟ ಮುಟ್ಟಾಟದ ರಗ್ಬಿ. ಕೆಡವುವಂತಿಲ್ಲ, ಚೆಂಡು ಹಿಡಿದವನನ್ನು ಎದುರಾಳಿ ಮುಟ್ಟಿದರೆ ಸಾಕು, ಅಲ್ಲಿಗೆ ನಿಂತಿತು. ಬಹಳ ಹೊತ್ತು ಅಪೆನಿಸಾನ ಕೈಗೆ ಚೆಂಡೇ ಬರಲಿಲ್ಲ. ಅವನು ಅಂಚಿನಲ್ಲಿ ಸೊಂಟದ ಮೇಲೆ ಕೈಯಿಟ್ಟು, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದ. ಜನಕ್ಕೆ ಅಷ್ಟೇ ತೃಪ್ತಿಯಾಗಿತ್ತು. "ನೋಡು, ಉಸಿರು ಹೇಗೆ ಬಿಡ್ತಿದಾನೆ, ಪಾಪ" ಎಂದು ಒಬ್ಬರಿಗೊಬ್ಬರು ಅನಾನಸ್ ಕೊಡುತ್ತಿದ್ದರು.

ಆಮೇಲೆ ಯಾರೋ ತಪ್ಪಿ ಎಸೆದ ಚೆಂಡು ಬಂದು ಅವನ ಎದೆಗೆ ಬಡಿಯಿತು.

ಚೆಂಡು ಸಿಕ್ಕಿದ್ದೇ ಕಾಲುಗಳಿಗೆ ಏನೋ ನೆನಪಾಯಿತು. ಎದುರಿಗೆ ಮೂವರು ಹುಡುಗರು ಬಂದರು. ಅಪೆನಿಸಾ ಬಲಗಾಲು ಊರಿದ. ಹೊಟ್ಟೆ ಬಲಕ್ಕೆ ಹೋಯಿತು. ಅಷ್ಟು ದೊಡ್ಡ ಹೊಟ್ಟೆ ಸುಳ್ಳು ಹೇಳಲಾರದು ಎಂದು ನಂಬಿ ಹುಡುಗರು ಮೂವರೂ ಬಲಕ್ಕೆ ಹಾರಿದರು. ಅಪೆನಿಸಾ ಎಡಕ್ಕೆ ಹೋದ. ಹೊಟ್ಟೆ ಆಮೇಲೆ ಬಂದು ಅವನನ್ನು ಸೇರಿಕೊಂಡಿತು. ಮುಂದೆ ಬಯಲು. ಬಿಸಿಲಿಗೆ ಒಣಗಿದ ಹುಲ್ಲು, ದೂರದಲ್ಲಿ ಬಿಳಿಗೆರೆ. ಹಿಂದೆ ಹೆಜ್ಜೆ ಸಪ್ಪಳ ಹತ್ತಿರ ಹತ್ತಿರ ಬರುತ್ತಿತ್ತು. ಎದೆ ಒಡೆಯುತ್ತದೆ ಎನಿಸಿತು, ಒಡೆಯಲಿ ಎಂದುಕೊಂಡ. ಬೆನ್ನಿಗೆ ಬೆರಳೊಂದು ಇನ್ನೇನು ತಾಗಬೇಕು, ಅಷ್ಟರಲ್ಲಿ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದ.

ತಲೆಯೆತ್ತಿ ಜನರ ಕಡೆ ನೋಡಿದ. ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಗಂಡಸರು ಮಾತ್ರ, ಊಟಕ್ಕೆ ಕರೆದವನ ಮನೆಗೆ ಬೀಗ ಬಿದ್ದಿರುವುದನ್ನು ಕಂಡವರ ಹಾಗೆ ಕೂತಿದ್ದರು. ಕೆಲೆಪಿ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, ಖಾಲಿ ಗಾಡಿ ತಳ್ಳುತ್ತಾ ಹೊರಟುಹೋದ.

ಹೊಟ್ಟೆಕಿಚ್ಚು ಎಂದುಕೊಂಡ ಅಪೆನಿಸಾ. ಎಷ್ಟೋ ವರ್ಷದ ಮೇಲೆ ಎದೆ ಉಬ್ಬಿಸಿ ಮನೆಗೆ ನಡೆದ.

ಅವನು ಮಿಂದು, ಗೆಣಸೂ ಮೀನೂ ತಿಂದು ಕೈ ತೊಳೆಯುವಷ್ಟರಲ್ಲಿ ಜಗಲಿಗೆ ಮೂವರು ಬಂದರು. ಕೆಲೆಪಿ, ಪಾದ್ರಿ, ಜಗೇಸರ್. ಕೆಲೆಪಿಯ ಕೈಯಲ್ಲಿ ಯಂಗೋನಾ ಬೇರಿನ ಕಟ್ಟು. ಬೇರು ತಂದಿದ್ದಾರೆಂದರೆ ಸುಮ್ಮನೆ ಬಂದವರಲ್ಲ, ಏನೋ ಬೇಡಲು ಬಂದಿದ್ದಾರೆ ಎಂದರ್ಥ. ಎಲ್ಲರೂ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಆ ಬೇರಿನ ಪುಡಿ ಕಲಸಿದ ಮಣ್ಣುಬಣ್ಣದ ನೀರು ತೆಂಗಿನ ಚಿಪ್ಪಿನಲ್ಲಿ ಸುತ್ತು ಬಂತು. ಚಪ್ಪಾಳೆ ತಟ್ಟಿ ಕುಡಿದರು, ಮತ್ತೆ ಕುಡಿದರು. ನಾಲಿಗೆ ಜೋಮು ಹಿಡಿದ ಮೇಲೆ ಕೆಲೆಪಿ ಬಾಯಿ ಬಿಟ್ಟ.

"ಭಾವ, ನೀನು ನಮ್ಮನ್ನ ಹಾಳು ಮಾಡಿದೆ."

"ನಾನೇನು ಮಾಡಿದೆ?"

"ಓಡಿದೆ. ನಿನ್ನ ತಂಗಿ ಅಲೂಮಿತಾಳದು ಮೈದಾನದಿಂದ ಮನೆ ತನಕ ಒಂದೇ ರಾಗ. 'ನಮ್ಮಣ್ಣ ನಿಮ್ಮ ವಯಸ್ಸಿನವರೇ, ಹೇಗೆ ಓಡಿದ್ರು ನೋಡಿದ್ರಾ? ನೀವು ಬಚ್ಚಲಿಗೆ ನೀರು ಹೊತ್ತಾಕೋಕೆ ಬೆನ್ನು ನೋವು ಅಂತೀರಿ.' ಇಷ್ಟು ದಿನ ಏನು ಹೇಳಿದ್ರೂ ನಂದು ಒಂದೇ ಉತ್ತರ. 'ಹಾವುಮೀನಿಗೇ ಮೊಣಕಾಲು ಹೋಯ್ತಂತೆ, ನಾನ್ಯಾವ ಲೆಕ್ಕ?' ಈಗ ಏನು ಹೇಳ್ಲಿ?"

ಜಗೇಸರ್ ಕಣ್ಣು ಒರೆಸಿಕೊಂಡ. "ನಮ್ಮನೇಲಿ ಬೆಳಿಗ್ಗೆ ಎದ್ದು ಕಡಲ ದಂಡೆಯ ಮರಳುದಿಬ್ಬ ಹತ್ತಬೇಕಂತೆ. ಇಬ್ರೂ. ದಿನಾ."

"ಚರ್ಚಿನ ಮೇಲಿನ ತಗಡು ಬಡಿಯೋಕೆ ನಾನೇ ಹತ್ತಬೇಕಂತೆ" ಎಂದರು ಪಾದ್ರಿ. "ದೇವರು ನೋಡ್ಕೋತಾನೆ ಅಂದೆ. 'ದೇವರು ಅಪೆನಿಸಾಗೆ ಕಾಲು ಕೊಟ್ಟಿಲ್ವಾ' ಅಂದಳು ನಮ್ಮವಳು."

ಅಪೆನಿಸಾ ಚಿಪ್ಪು ಖಾಲಿ ಮಾಡಿದ. ಕೆಲೆಪಿ ದನಿ ತಗ್ಗಿಸಿದ.

"ನಿನ್ನನ್ನ ನೋಡಿ ನಗ್ತೀವಿ ಅಂತ ನಿಂಗೆ ಬೇಜಾರು. ಆದ್ರೆ ಕೇಳು. ನೀನು ಓಡ್ತಿದ್ದಾಗ ನಮಗೆಲ್ಲ ಇಪ್ಪತ್ತು ವರ್ಷ. ಆಗ್ಲೂ ನಾವು ನಿನ್ನ ಹಾಗೆ ಓಡ್ಲಿಲ್ಲ, ದಂಡೇಲಿ ಕೂತು ಕೂಗಿದ್ವಿ ಅಷ್ಟೆ. ನಮ್ಮ ಕೈಲಿ ನಿನ್ನ ಹಾಗೆ ಮಾಡೋಕಾಗೋದು ಈಗ ಒಂದೇ, ಮುದುಕರಾಗೋದು. ಹಾವುಮೀನು ಏದುಸಿರು ಬಿಟ್ರೆ ನಾವು ಏದುಸಿರು ಬಿಡೋದ್ರಲ್ಲಿ ಅವಮಾನ ಇಲ್ಲ. ಅದನ್ನೂ ಕಿತ್ಕೊಂಡ್ಯಲ್ಲ ಭಾವ."

ಅಪೆನಿಸಾನ ಮನಸ್ಸು ಸ್ವಲ್ಪ ಕರಗಿತು. "ಅದಕ್ಕೆ ನಾನೇನು ಮಾಡ್ಬೇಕು?" ಎಂದ.

"ನಾಳೆ ಚರ್ಚಿನ ಮೆಟ್ಟಿಲ ಮೇಲೆ, ಎಲ್ಲಾ ಹೆಂಗಸರೂ ನೋಡ್ತಿರೋವಾಗ ಒಂದ್ಸಲ ಬೀಳು" ಎಂದರು ಪಾದ್ರಿ. "ಪ್ರಾರ್ಥನೆ ಮುಗಿದ ಮೇಲೆ ಸಾಕು."

ಕರಗಿದ್ದ ಮನಸ್ಸು ಮತ್ತೆ ಗಟ್ಟಿಯಾಯಿತು. "ಬೀಳೋದಿಲ್ಲ" ಎಂದ ಅಪೆನಿಸಾ. "ಇವತ್ತು ನಾನು ಓಡಿದೀನಿ. ನಿಮ್ಮ ನಿಮ್ಮ ಹೆಂಡತೀರನ್ನ ನೀವೇ ನೋಡ್ಕೊಳ್ಳಿ. ನಡೀರಿ, ಕಳಿಸಿಕೊಡ್ತೀನಿ."

ಹೀಗೆಂದು ಠೀವಿಯಿಂದ ಎದ್ದ. ಸಂಜೆಯ ಓಟದ ಬಿಗಿತ, ಚಕ್ಕಳಮಕ್ಕಳ ಕೂತ ಜೋಮು, ಮೇಲಿಂದ ಯಂಗೋನಾ. ಸೊಂಟದಿಂದ ಕೆಳಗೆ ಅವನಿಗೆ ಸ್ಪರ್ಶವೇ ಇರಲಿಲ್ಲ. ಒಂದು ಹೆಜ್ಜೆ ಇಟ್ಟ, ಇಟ್ಟನೆಂದು ಭಾವಿಸಿದ. ಜಗಲಿಯ ಮೆಟ್ಟಿಲುಗಳ ಮೇಲೆ ತೆಂಗಿನಕಾಯಿಯಂತೆ ಉರುಳಿ ಅಂಗಳಕ್ಕೆ ಬಿದ್ದ. ಪಾದದ ಗಂಟಿನಲ್ಲಿ ಏನೋ 'ಚಟ್' ಎಂದಿತು. "ಅಯ್ಯಮ್ಮಾ" ಎಂದು ಕಾಲು ಹಿಡಿದುಕೊಂಡ.

ಮೂವರೂ ಮೇಲಿಂದ ಬಗ್ಗಿ ನೋಡಿದರು. ಕೆಲೆಪಿಯ ಕಣ್ಣು ತುಂಬಿ ಬಂತು.

"ನೋಡಿದ್ರಾ?" ಎಂದ. "ಬಾಯಲ್ಲಿ ಇಲ್ಲ ಅಂದ. ಮನಸ್ಸು ತಡೀಲಿಲ್ಲ. ನಾಳೆಗೆ ಅಭ್ಯಾಸ ಮಾಡಿ ತೋರಿಸ್ತಿದಾನೆ."

"ಆ ಕೂಗು ಇನ್ನೂ ಸ್ವಲ್ಪ ಜೋರಾಗಿದ್ರೆ ಚೆನ್ನಾಗಿರತ್ತೆ" ಎಂದ ಜಗೇಸರ್.

"ನಾಟಕ ಅಲ್ಲ ಕಣ್ರೋ, ನಿಜವಾಗ್ಲೂ ಉಳುಕಿದೆ" ಎಂದು ಅಪೆನಿಸಾ ನರಳಿದ.

"ಇದು. ಇದೇ ಮಾತು ನಾಳೆ ಹೇಳು" ಎಂದರು ಪಾದ್ರಿ.

ಆಗ ಅಡುಗೆಮನೆಯ ಬಾಗಿಲು ತೆರೆಯಿತು. ಮೆರೆಸೇನಿ ಹೊರಗೆ ಬಂದಳು. ಅವಳ ಹಿಂದೆ ಅಲೂಮಿತಾ, ಪಾದ್ರಿಯ ಹೆಂಡತಿ, ಜಗೇಸರನ ಹೆಂಡತಿ. ಗೆದ್ದ ಮನೆಯೆಂದು ಅನಾನಸ್ ಕಡುಬು ತಂದುಕೊಡಲು ಹಿತ್ತಲ ಬಾಗಿಲಿನಿಂದ ಬಂದಿದ್ದವರು, ತಟ್ಟೆ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಗಂಡಸರು ಮೂವರೂ ಚಾಪೆಯನ್ನು ಆಸಕ್ತಿಯಿಂದ ನೋಡತೊಡಗಿದರು.

"ಮೆರೆಸೇನಿ, ಕಾಲು ಊದ್ಕೋತಿದೆ ನೋಡು" ಎಂದ ಅಪೆನಿಸಾ.

"ಊದತ್ತೆ, ಯಾಕೆ ಊದಲ್ಲ" ಎಂದಳು ಅವಳು. "ಮೂರು ಹುಡುಗರನ್ನ ದಾಟಿ ಓಡಿದ ಕಾಲು ನಾಲ್ಕು ಮೆಟ್ಟಿಲು ಇಳಿಯಲ್ಲ ಅಂದ್ರೆ ನಾನು ನಂಬಬೇಕಾ? ಇವರಿಗೋಸ್ಕರ ಬೀಳ್ತೀರಿ ಅಲ್ವಾ? ಏಳಿ. ನಾಳೆಯ ಊಟದ ನೆಲದೊಲೆಗೆ ಇನ್ನೂ ಕಟ್ಟಿಗೆ ಒಡೆದಿಲ್ಲ."

ಅಪೆನಿಸಾ ಕೆಲೆಪಿಯ ಕಡೆ ನೋಡಿದ. ಕೆಲೆಪಿ ಮೆಲ್ಲಗೆ ತಲೆಯಲ್ಲಾಡಿಸಿ, "ಸಾಕು ಭಾವ, ಗೊತ್ತಾಗೋಯ್ತು ಅವರಿಗೆ. ಎದ್ದುಬಿಡು" ಎಂದ.

ಏಳದೆ ಬೇರೆ ದಾರಿಯಿರಲಿಲ್ಲ. ಅಪೆನಿಸಾ ಗೋಡೆ ಹಿಡಿದು ಎದ್ದು, ಉಳುಕಿದ ಕಾಲನ್ನು ಕೊಕ್ಕರೆಯಂತೆ ಮಡಿಸಿ, ಕುಂಟುತ್ತಾ ಹಾರುತ್ತಾ ಕಟ್ಟಿಗೆಯ ರಾಶಿಗೆ ಹೋಗಿ ಕೊಡಲಿ ಎತ್ತಿದ. ಮೊದಲ ಏಟಿಗೆ ಕಣ್ಣಲ್ಲಿ ನೀರು ಬಂತು, ಕಟ್ಟಿಗೆ ಎರಡಾಯಿತು.

ಜಗಲಿಯಲ್ಲಿ ಅಲೂಮಿತಾ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದಳು.

"ನೋಡ್ರೀ" ಎಂದಳು, "ಒಂದೇ ಕಾಲಲ್ಲಿ ನಿಂತು ಒಡೀತಿದಾರೆ. ನಿಮಗೆ ದೇವರು ಎರಡು ಕೊಟ್ಟಿದಾನೆ."