ನಮ್ಮ ವಂಶಕ್ಕೆ ಹಾಲು ಆಗುವುದಿಲ್ಲ

ಒಬ್ಬೊಬ್ಬರು ಒಂದೊಂದಕ್ಕೆ ಹೆದರುತ್ತಾರೆ. ಕೆಲವರು ಹಾವಿಗೆ, ಕೆಲವರು ಮೇಲಧಿಕಾರಿಗೆ, ಕೆಲವರು ಹೆಂಡತಿಯ ತವರಿನವರಿಗೆ. ನಾನು ಈ ಎಲ್ಲಕ್ಕೂ ಹೆದರುತ್ತೇನೆ, ಅದರ ಮೇಲೆ ಹಾಲಿಗೂ ಹೆದರುತ್ತೇನೆ. ನಗಬೇಡಿ. ಒಂದು ಲೋಟ ಹಾಲು ಒಳಗೆ ಹೋದರೆ ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆಯಲ್ಲಿ ಗಿರಣಿ ಶುರುವಾಗುತ್ತದೆ. ದಾಂಡೇಲಿಯ ಕಾಗದದ ಗಿರಣಿಯ ಸ್ಟೋರಿನಲ್ಲಿ ಅರ್ಧ ಆಯುಷ್ಯ ಕಳೆದವನು ನಾನು, ಗಿರಣಿಯ ಸದ್ದು ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಮ್ಮೆ ಹಳಿಯಾಳದಲ್ಲಿ ಯಾರದೋ ಮದುವೆಯ ಬಾಸುಂದಿ ತಿಂದು ಬಸ್ಸು ಹತ್ತಿ, ಅಡವಿಯ ನಡುವೆ ಬಸ್ಸು ನಿಲ್ಲಿಸಬೇಕಾಯಿತು. "ಭಾಳ ದೂರ ಹೋಗಬ್ಯಾಡ್ರಿ ಸಾಹೇಬ್ರ, ಕರಡಿ ಅದಾವು" ಎಂದು ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗಿದ. ಬಸ್ಸಿನವರೆಲ್ಲ ಕಿಟಕಿಯಿಂದ ಕರಡಿಯನ್ನು ನೋಡಲು ಬಗ್ಗಿದರು. ಕರಡಿ ಬರಲಿಲ್ಲ. ಅವರಿಗೆ ಕಂಡದ್ದು ನಾನೊಬ್ಬನೇ.

ಹೊಟ್ಟೆಯ ಈ ವರ್ತನೆಯಿಂದ ನನಗೆ ಅಲ್ಸರ್ ಇದೆಯೆಂದು ಕೆಲವು ವರ್ಷ ನಂಬಿದ್ದೆ. ಆಮೇಲೆ ಅದಕ್ಕಿಂತ ದೊಡ್ಡ ರೋಗವನ್ನೇ ನಂಬಿದೆ. ಕೊನೆಗೆ ಹುಬ್ಬಳ್ಳಿಯ ಡಾಕ್ಟರೊಬ್ಬರು ಎಲ್ಲ ಪರೀಕ್ಷೆ ಮಾಡಿ, "ಏನೂ ಇಲ್ರೀ, ನಿಮಗ ಹಾಲು ಆಗಂಗಿಲ್ಲ ಅಷ್ಟ. ಮೊಸರು, ಮಜ್ಜಿಗಿ ನಡೀತೈತಿ" ಅಂದರು. ಕೂಸಿದ್ದಾಗ ಎಲ್ಲರ ಹೊಟ್ಟೆಯೂ ಹಾಲನ್ನು ಅರಗಿಸುತ್ತದಂತೆ. ಬೆಳೆದಂತೆ ಕೆಲವರಲ್ಲಿ ಆ ಶಕ್ತಿ ಉಳಿಯುತ್ತದೆ, ಕೆಲವರಲ್ಲಿ ಕಡಿಮೆಯಾಗುತ್ತದೆ. ಯಾರಿಗೆ ಉಳಿಯಬೇಕು, ಯಾರಿಗೆ ಬೇಡ ಎಂಬುದು ಅಪ್ಪ ಅಮ್ಮನ ಕಡೆಯಿಂದ ಬಂದದ್ದು. "ರೋಗ ಅಲ್ರೀ ಇದು, ನೀವು ಹುಟ್ಟಿದ್ದ ಹಂಗ" ಎಂದರು. ಇಷ್ಟು ವರ್ಷ ಜತನದಿಂದ ಸಾಕಿಕೊಂಡು ಬಂದ ರೋಗ ಹೀಗೆ ಕೈಬಿಟ್ಟು ಹೋಯಿತಲ್ಲ ಎಂದು ನನಗೆ ಸ್ವಲ್ಪ ಬೇಜಾರೇ ಆಯಿತು. ಆದರೆ ಒಂದು ಒಗಟು ಬಿಡಿಸಿದಂತಾಯಿತು. ನಮ್ಮಪ್ಪ ಜೀವಮಾನವಿಡೀ ಕರಿ ಚಹಾ ಕುಡಿದವರು. ನಾವೆಲ್ಲ ಅದನ್ನು ಅವರ ವೈರಾಗ್ಯ ಎಂದು ತಿಳಿದಿದ್ದೆವು.

ಅದು ಪತ್ರಿಕೆಗಳ ತುಂಬ ಜೀನು, ಜೀನು ಎಂದು ಬರುತ್ತಿದ್ದ ಕಾಲ. ಮನುಷ್ಯನ ಒಳಗಿನ ಬರವಣಿಗೆಯನ್ನೆಲ್ಲ ವಿಜ್ಞಾನಿಗಳು ಓದಿಬಿಟ್ಟಿದ್ದಾರೆ, ಇನ್ನು ಮುಂದೆ ಯಾರಿಗೆ ಯಾವ ಊಟ ಹಿತ ಎಂದು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳಬಹುದು ಎಂದು ಭಾನುವಾರದ ಪುರವಣಿಯಲ್ಲಿ ಓದಿ ನಾನು ಪುಳಕಗೊಂಡಿದ್ದೆ. ಮರುದಿನವೇ ನಮ್ಮ ಫಿಟ್ಟರು ಖಾಸಿಂ ಸಾಬರಿಗೆ ಅದನ್ನು ವಿವರಿಸಿದೆ. ಖಾಸಿಂ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು. ಒಂದು ತಂಬಿಗೆ ಹಾಲು ಕುಡಿದು, ಮೇಲೆ ತುಪ್ಪದ ಶಿರಾ ತಿಂದು, ಸೈಕಲ್ಲು ಹತ್ತಿ ಹೊರಟುಬಿಡುವ ಜಾತಿಯ ಹೊಟ್ಟೆ ಅವರದು. ಎಲ್ಲ ಕೇಳಿಸಿಕೊಂಡು, "ಹಂಗಾದ್ರ ನಮ್ಮ ಕ್ಯಾಂಟೀನಿನಾವ ಏನ್ ಮಾಡಬೇಕ್ರಿ ಸಾಹೇಬ್ರ? ಮಂದಿಗೊಂದು ಸಾರು ಕುದಿಸಬೇಕೇನು? ಈಗ ಮಾಡೂ ಒಂದ ಸಾರೂ ಯಾರಿಗೂ ಹಿತಾ ಇಲ್ಲ" ಅಂದರು. ವಿಜ್ಞಾನವನ್ನು ಸಾಮಾನ್ಯರಿಗೆ ತಲುಪಿಸುವುದು ಕಷ್ಟ.

ಈ ಹೊತ್ತಿಗೇ ಮಗಳು ವೀಣಾಳಿಗೆ ಸಂಬಂಧ ಕೂಡಿಬಂತು. ಹುಡುಗ ಹೈಸ್ಕೂಲು ಮಾಸ್ತರ, ಮನೆ ಹಳಿಯಾಳದ ಹತ್ತಿರದ ಹಳ್ಳಿ. ಕಬ್ಬಿನ ಹೊಲ, ಕೊಟ್ಟಿಗೆ ತುಂಬ ಎಮ್ಮೆ. ಅವರು ಬಂದು ಹುಡುಗಿ ನೋಡಿ ಒಪ್ಪಿ ಹೋದರು. ಬಂದ ಹುಡುಗರಲ್ಲೆಲ್ಲ ಏನಾದರೊಂದು ಐಬು ಹುಡುಕಿ ನನ್ನ ನಿದ್ದೆ ಕೆಡಿಸಿದ್ದ ವೀಣಾ ಈ ಸಲ ಏನೂ ಅನ್ನದೆ ಒಳಗೆ ಹೋಗಿ ಹಾಡು ಗುನುಗುತ್ತಿದ್ದಳು. ಅದೇ ಒಪ್ಪಿಗೆ ಎಂದು ನನ್ನ ಹೆಂಡತಿ ಶಾಂತಾ ತೀರ್ಪು ಕೊಟ್ಟಳು. ಇನ್ನು ನಾವಿಬ್ಬರು ಹೋಗಿ ಅವರ ಮನೆ ನೋಡಿ ಬರುವುದೊಂದು ಬಾಕಿ.

"ಅಲ್ಲಿ ಬಾಯಿ ಮುಚ್ಚಿಕೊಂಡು ಕೂಡ್ರಿ. ಏನ್ ಕೊಡ್ತಾರೋ ಸುಮ್ನ ಕುಡೀರಿ" ಎಂದಳು ಶಾಂತಾ, ಬಸ್ಸಿನಲ್ಲಿ.

"ಬಾಯಿ ಮುಚ್ಚಿಕೊಂಡು ಹೆಂಗ ಕುಡೀಲಿ?" ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಆ ಮನೆಯಲ್ಲಿ ಎಲ್ಲದಕ್ಕೂ ಹುಡುಗನ ಅಜ್ಜಿಯೇ ಮುಂದು. ಎಲ್ಲರೂ ಅವರನ್ನು ಆಯಿ ಅನ್ನುತ್ತಿದ್ದರು. ಆ ಕಡೆ ಸಂಬಂಧ ಬೆಳೆಸಲು ಬಂದವರಿಗೆ ಮೊದಲು ಮನೆಯ ಎಮ್ಮೆಯ ಹಾಲು ಕೊಡುವ ಪದ್ಧತಿ. ಕುಡಿದರೆ ಮಾತು ಮುಂದುವರಿಯುತ್ತದೆ. ಆಯಿ ಹಿತ್ತಾಳೆಯ ಲೋಟದಲ್ಲಿ ಕೆನೆಗಟ್ಟಿದ ಹಾಲು ತಂದು, "ಹನಿ ನೀರು ಹಾಕಿಲ್ರಿ" ಎಂದು ನನ್ನ ಕೈಗೇ ಇಟ್ಟರು. ಲೋಟವೋ, ಸಣ್ಣ ಕೊಡವೋ! ಮರಳುವ ಬಸ್ಸು, ಅಡವಿ, ಕರಡಿ ಎಲ್ಲ ನನ್ನ ಕಣ್ಣ ಮುಂದೆ ಬಂದವು.

ಇವತ್ತು ಉಪವಾಸ ಅನ್ನಬಹುದಿತ್ತು, ಹಲ್ಲುನೋವು ಅನ್ನಬಹುದಿತ್ತು. ಹೇಳಬಹುದಾಗಿದ್ದ ಸುಳ್ಳುಗಳನ್ನೆಲ್ಲ ಶಾಂತಾ ಆಮೇಲೆ ಒಂದೊಂದಾಗಿ ನನಗೆ ಕಲಿಸಿದಳು. ಆದರೆ ನಾನು ಪುರವಣಿ ಓದಿದವನು. "ಕ್ಷಮಾ ಮಾಡ್ರಿ, ನಮ್ಮ ವಂಶಕ್ಕ ಹಾಲು ಆಗಂಗಿಲ್ಲ. ಜೀನು ಅಂತ ಇರ್ತೈತ್ರಿ. ನಮ್ಮಪ್ಪನಿಂದ ನನಗ ಬಂದೈತಿ, ನನ್ನಿಂದ ಮಕ್ಕಳಿಗೆ ಬರಬಹುದು" ಎಂದುಬಿಟ್ಟೆ.

ಹೆಣ್ಣು ಕೊಡುವವರು ಚಿಕ್ಕಪ್ಪನ ಹುಚ್ಚು, ಸೋದರತ್ತೆಯ ತೊನ್ನು ಎಲ್ಲವನ್ನೂ ಏಳು ಮಡಿಕೆಯೊಳಗೆ ಮುಚ್ಚಿಡುತ್ತಾರೆ. ಇಲ್ಲಿ ನಾನು ಯಾರೂ ಕೇಳದಿದ್ದರೂ, ನಮ್ಮ ವಂಶದಲ್ಲಿ ಏನೋ ಇದೆ, ಅದು ಹುಡುಗಿಗೂ ಬರಬಹುದು ಎಂದು ವಿಜ್ಞಾನದ ಸಾಕ್ಷಿ ಸಮೇತ ಹೇಳಿದ್ದೆ.

"ವಂಶದಾಗ ಐತಿ?" ಎಂದರು ಆಯಿ. "ಮಜ್ಜಿಗಿ ಆಗ್ತೈತೇನು?"

"ಆಗ್ತೈತ್ರಿ."

"ಮೊಸರು?"

"ಅದೂ ಆಗ್ತೈತ್ರಿ. ಎರಡ ವಾಟಗಾ ಉಣ್ತೇನಿ."

"ತುಪ್ಪ?"

"ತುಪ್ಪಂತೂ ಭಾಳ ಸೇರ್ತೈತ್ರಿ."

ಆಯಿ ಮಗನ ಕಡೆ ತಿರುಗಿದರು. "ಕೇಳಿದೇನೋ ಶಿವಪ್ಪಾ? ಮೊಸರು ಆಗ್ತೈತಿ, ತುಪ್ಪ ಆಗ್ತೈತಿ, ಹಾಲು ಅಷ್ಟ ಆಗಂಗಿಲ್ಲಂತ. ಹಾಲಿಲ್ಲದ ಮೊಸರು ಎಲ್ಲಿಂದ ಬರ್ತೈತಿ? ಇವರು ಏನೋ ಮುಚ್ಚಿಡಾಕ ಹತ್ಯಾರ."

ಇದ್ದದ್ದನ್ನೆಲ್ಲ ಬಿಚ್ಚಿ ಹೇಳಿ ಮುಚ್ಚಿಟ್ಟವನೆನಿಸಿಕೊಂಡವನು ನಾನೊಬ್ಬನೇ ಇರಬೇಕು. ಹುಡುಗನ ಅಪ್ಪ ಶಿವಪ್ಪನವರು ಸಜ್ಜನರು. "ಹೇಳಿ ಕಳಸ್ತೇವ್ರಿ" ಎಂದು ಕೈ ಮುಗಿದರು. ಹೇಳಿ ಕಳಿಸುತ್ತೇವೆ ಎಂದವರು ಯಾರೂ ಹೇಳಿ ಕಳಿಸುವುದಿಲ್ಲ. ವಾಪಸು ಬರುವಾಗ ಶಾಂತಾ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದಮೇಲೆ ಎಲ್ಲವನ್ನೂ ಒಟ್ಟಿಗೇ ಆಡಿದಳು. ವೀಣಾ ಕೇಳಿಸಿಕೊಂಡು, "ಅಪ್ಪಾ, ನಾ ದಿನಾ ಹಾಲು ಹಾಕಿದ ಚಹಾ ಕುಡೀತೇನಿ, ನನಗೇನಾಗೈತಿ?" ಎಂದಳು.

"ಈಗ ಆಗಿಲ್ಲ. ಬರಬರ್ತಾ ಆಗ್ತೈತಂತ ಡಾಕ್ಟರು..." ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿದವು. ಗುನುಗುವುದು ನಿಂತುಹೋಯಿತು. ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ನನಗೆ ಅನ್ನ ಸೇರಲಿಲ್ಲ. ಅದಕ್ಕೆ ಯಾವ ಜೀನೂ ಕಾರಣವಿರಲಿಲ್ಲ.

ಆದರೆ ಅವರು ಹೇಳಿ ಕಳಿಸಿದರು. ಆಯಿ ಖುದ್ದು ಬರುತ್ತಾರಂತೆ. ಆ ವಾರವೇ ಬೆಳಗಿನ ಬಸ್ಸಿಗೆ ಮಗನನ್ನು ಕರೆದುಕೊಂಡು, ಸೆರಗಿನಲ್ಲಿ ಮುಚ್ಚಿದ ಕ್ಯಾನು ಹಿಡಿದು ಬಂದಿಳಿದರು. ಕುಶಲ ಕೇಳುವ ಮೊದಲೇ, "ಇದನ್ನ ಕಾಸಿ ಹುಡುಗಿಗೆ ಕೊಡ್ರಿ" ಎಂದರು.

ವೀಣಾ ಎಲ್ಲರ ಎದುರು ಲೋಟ ತುಂಬ ಹಾಲು ಕುಡಿದಳು. ತುಟಿ ಒರೆಸಿಕೊಂಡು, "ಇನ್ನೊಂದೀಟು ಹಾಕ್ರಿ ಆಯಿ" ಎಂದಳು. ನನ್ನ ಮಗಳಿಗೆ ಅಂಥ ಧೈರ್ಯ ಎಲ್ಲಿಂದ ಬಂತೋ, ನಮ್ಮ ಕಡೆಯದಂತೂ ಅಲ್ಲ. ಆಮೇಲೆ ಎಲ್ಲರೂ ಕೂತೆವು. ಸುದ್ದಿ ತಿಳಿದು ಬಂದ ಖಾಸಿಂ ಸಾಬರೂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಆಯಿಯ ಕಣ್ಣು ವೀಣಾಳ ಹೊಟ್ಟೆಯ ಮೇಲೆ. ಮಳೆ, ಕಬ್ಬು, ಬಸ್ಸು ಎಂದು ಶಿವಪ್ಪನವರು ಎತ್ತಿದ ಮಾತುಗಳು ಒಂದೊಂದೇ ಸತ್ತವು. ಆ ಮೌನದಲ್ಲಿ ಗುಡುಗುಡು ಎಂದು ದೊಡ್ಡ ಸದ್ದಾಯಿತು. ಎಲ್ಲರೂ ವೀಣಾಳನ್ನು ನೋಡಿದರು. ಶಾಂತಾ ಬಾಯಿಗೆ ಸೆರಗು ಹಿಡಿದಳು.

"ಅಕಿದಲ್ರೀ, ನಂದು" ಎಂದೆ.

"ನೀವು ಹಾಲು ಕುಡಿದಿಲ್ಲಲ್ಲ?" ಎಂದರು ಶಿವಪ್ಪನವರು.

"ಕುಡಿಯೂದ್ ಬ್ಯಾಡ್ರಿ, ನೋಡಿದ್ರ ಸಾಕು ಅವರಿಗೆ" ಎಂದರು ಖಾಸಿಂ. ಮೊದಲು ನಕ್ಕವರು ಆಯಿ. ನಗುತ್ತ ನಗುತ್ತ ಕೆಮ್ಮು ಬಂದು ನೀರು ಕೊಡಬೇಕಾಯಿತು.

ಮಧ್ಯಾಹ್ನದ ಊಟ ಮುಗಿದರೂ ವೀಣಾ ನೆಟ್ಟಗೆ ಓಡಾಡಿಕೊಂಡಿದ್ದಳು. ಆಯಿ ಅವಳನ್ನು ಹತ್ತಿರ ಕರೆದು ಗಲ್ಲ ಸವರಿ, "ಹುಡುಗಿಗೆ ತಾಯಿ ಹೊಟ್ಟಿ ಬಂದೈತಿ, ಚಲೋ ಆತು" ಎಂದರು. ತಾಯಿ ತಂದೆಯರಲ್ಲಿ ಒಬ್ಬರ ಕಡೆಯಿಂದ ಆ ಶಕ್ತಿ ಬಂದರೂ ಸಾಕೆಂದು ಡಾಕ್ಟರು ಹೇಳಿದ್ದು ನನಗೆ ಆಗ ನೆನಪಾಯಿತು. ಬಾಯಿ ಬಿಡಲಿಲ್ಲ. ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುವುದೆಂದಾಯಿತು. ಶಾಂತಾ ತಟ್ಟೆಯ ತುಂಬ ಸಕ್ಕರೆ ತಂದಳು. ಒಳಗಿನಿಂದ ಗುನುಗುವ ದನಿ ಕೇಳಿ ನನ್ನ ಮನಸ್ಸು ಹಗುರವಾಯಿತು. ಹಗುರವಾದಾಗಲೇ ನನ್ನಂಥವರು ಎಚ್ಚರವಿರಬೇಕು.

ಆಯಿ ಲೋಕಾಭಿರಾಮವಾಗಿ, "ಮತ್ತೇನರ ಐತೇನ್ರಿ ಬೀಗರ ನಿಮ್ಮ ವಂಶದಾಗ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನಮ್ಮಪ್ಪನ ಸಕ್ಕರೆ ಕಾಯಿಲೆ, ಅಜ್ಜನ ಉಬ್ಬಸ, ದೊಡ್ಡಪ್ಪನ ರಕ್ತದೊತ್ತಡ, ನಲವತ್ತಕ್ಕೇ ಬೋಳಾಗುವ ಗಂಡಸರು ಎಲ್ಲ ಸಾಲಾಗಿ ನನ್ನ ನಾಲಗೆಯ ತುದಿಗೆ ಬಂದು ನಿಂತವು. ಉತ್ತರಿಸಲು ಬಾಯಿ ತೆರೆದೆ. ಶಾಂತಾ ಮುಷ್ಟಿ ತುಂಬ ಸಕ್ಕರೆ ತಂದು ಆ ಬಾಯಿಗೆ ತುಂಬಿದಳು. ಎಲ್ಲರೂ ಅದನ್ನು ಸಡಗರ ಎಂದುಕೊಂಡು ನಕ್ಕರು.

ಒಬ್ಬೊಬ್ಬರ ಪ್ರಕೃತಿಗೆ ಒಗ್ಗುವ ಆಹಾರ ಯಾವುದೆಂದು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ. ನನ್ನದನ್ನು ನನ್ನ ಹೆಂಡತಿ ಅವತ್ತೇ ಕಂಡುಹಿಡಿದಳು. ಯಾವುದಾದರೂ ಸರಿ, ಕರಗುವವರೆಗೆ ಮಾತಾಡಲು ಬರದಷ್ಟು ಬಾಯಿ ತುಂಬ ಇರಬೇಕು.