ಸೋರದ ಮನಿಯ ಮುಯ್ಯಿ

ಹಿಂಗಾರಿ ಮಳಿ ಬರೂದಕ್ಕಿಂತ ಮೊದ್ಲ ನಮ್ಮ ಓಣ್ಯಾಗ ಮಾಳಿಗಿ ಮ್ಯಾಲ ಏನರ ಒಂದು ಫಜೀತಿ ಆಗೂದ. ಮುಧೋಳದಾಗ ನಮ್ಮ ಓಣಿ ಮನಿಗೋಳು ಒಂದಕ್ಕೊಂದು ಹತ್ತಿದ ಮಣ್ಣಿನ ಮಾಳಿಗಿವು. ಸೋರಬಾರ್ದಂತ ಹೊಸ ಮಣ್ಣು ಹಾಕಿ ತುಳೀತಾರ. ಅದಕ್ಕ ಕೂಲಿ ಇಲ್ಲ, ಮುಯ್ಯಿ. ಇವತ್ತು ನಾ ನಿಮ್ಮನಿಗೆ ಬಂದ್ರ ನಾಳೆ ನೀವು ನಮ್ಮನಿಗೆ ಬರಬೇಕು.

ನಂದೊಂದ ಸ್ಲ್ಯಾಬಿನ ಮನಿ. "ಮಣ್ಣು ಹೊತ್ತು ಸಾಕಾಗೇತಿ" ಅಂತ ಹೆಂಡ್ತಿ ಹಟಾ ಹಿಡಿದು ಹಾಕಿಸಿದ್ಲು. ಒಂದ ಮಳಿಗಾಲ ಅದರ ಕೆಳಗಿದ್ದು ತೀರಿಕೊಂಡ್ಲು. ನಾ ರಿಟೈರಾದ ಬಸ್ ಕಂಡಕ್ಟರ. ಜನ್ಮೆಲ್ಲಾ ಮಂದೀನ "ಮುಂದ ಸರೀರಿ" ಅಂತ ನೂಕಿದಾಂವಗ ಈಗ ಮನ್ಯಾಗ ನೂಕಾಕ ಒಂದ ಆಳಿಲ್ಲ. ಯಾರರ ಮುಯ್ಯಿಗೆ ಕರದ್ರ ಸಾಕು, ಓಡಿ ಹೋಗ್ತೇನಿ.

ಕರೆಂಟ್ ಹೋತು

ಮೊದ್ಲ ಬಾಜೂಮನಿ ಸಾಲಿ ಮಾಸ್ತರ ಕರದ್ರು. ಹುರುಪಿನ್ಯಾಗ ಮಣ್ಣು ಹರವಿದ್ನಿ. ನಡುವ ಬೆಳಕಿಂಡಿ ಇತ್ತು, ಅದಕ್ಕ ತಗಡು ಮುಚ್ಚಿದ್ನಿ. ತಗೀಬೇಕನ್ನೂದು ಮರತು ಅದರ ಮ್ಯಾಲೂ ಎರಡು ಬುಟ್ಟಿ ಮಣ್ಣು ಹಾಕಿ ಛಲೋತ್ನಂಗ ತುಳದ್ನಿ.

ಕೆಳಗ ರೊಟ್ಟಿ ಬಡ್ಯಾಕತ್ತಿದ್ದ ಮಾಸ್ತರ ಅವ್ವಗ ಒಮ್ಮೆಲೆ ಕತ್ತಲಾತು. "ಹಾಳಾದ ಕರೆಂಟ್ ಹೋತು" ಅಂತ ಆಕಿ ಲೈನ್‌ಮನ್ನಗ ಫೋನ್ ಹಚ್ಚಿಸಿದ್ಲು. ಅಂವಾ ಕಂಬಾ ನೋಡಿದಾ, ಮೀಟರ್ ನೋಡಿದಾ, ಕಡೀಕ ಕತ್ತೆತ್ತಿ ಬೆಳಕಿಂಡಿ ನೋಡಿದಾ.

"ಯಮ್ಮಾ, ಕಟ್ಟಾಗಿದ್ದು ಸೂರ್ಯಾನ ಲೈನು. ನನ್ನ ಏಣಿ ಅಲ್ಲಿತನಾ ಮುಟ್ಟೂದಿಲ್ಲ!"

ನೀರಿನ ಊರು

ಎರಡನೇದು ಕಿರಾಣಿ ಅಂಗಡ್ಯಾಂವನ ಮನಿ. ಮಾಳಿಗಿ ನೀರು ಹೊರಗ ಹೋಗೂ ದೋಣಿ ಕಸಾ ತುಂಬಿ ಕಟ್ಟಿತ್ತು. ಕಸಾ ತಗದು, ಹರೀತೈತೋ ಇಲ್ಲೋ ನೋಡೂನಂತ ಒಂದು ಕೊಡ ನೀರು ಸುರವಿದ್ನಿ. ಆಗ ಕೆಳಗ ಅಂಗಡ್ಯಾಂವನ ತಮ್ಮ ಇಸ್ತ್ರಿ ಅಂಗಿ ಹಾಕ್ಕೊಂಡು ಬಿಳಗಿಗೆ ಕನ್ಯಾ ನೋಡಾಕ ಹೊಂಟಿದ್ದ. ಪೂರಾ ಮೈ ತೋದು ತಪ್ಪಡಿ ಆತು. ಬದ್ಲ ಮಾಡ್ಕೊಳ್ಳಾಕ ಹೊತ್ತಿಲ್ಲ, ಬಸ್ ಬಂದಿತ್ತು. ನನ್ನ ಬೈಕೋತನ ಹತ್ತಿದಾ.

ಸಂಜೀಕ ಪೇಢೆ ಹಿಡ್ಕೊಂಡು ಬಂದಾ. "ಕಾಕಾ, ಕನ್ಯಾ ಗಟ್ಟಿ ಆತು! ಬೀಗರು ನನ್ನ ಅಂಗಿ ಹಿಂಡಿ ನೋಡಿ, ಹಿಂತಾ ಮಳಿ ಆಗೂ ಊರಿಗೆ ಹೆಣ್ಣ ಕೊಡದ ಇನ್ನೆಲ್ಲಿ ಕೊಡೂನು ಅಂದ್ರು."

ಮುಯ್ಯಿ

ಎರಡೂ ಮನಿ ಮುಗಿದ್ವು. ಇನ್ನ ನನ್ನ ಯಾರೂ ಕರ್ಯಾಂಗಿಲ್ಲ. ಮಾಸ್ತರ, ಅಂಗಡ್ಯಾಂವ ಕಟ್ಟಿ ಮ್ಯಾಲ ಕುಂತಿದ್ದಲ್ಲಿಗೆ ಹೋದ್ನಿ. ತಡ್ಕೊಳ್ಳಾಕಾಗದ ಅಂದ್ನಿ, "ನಾಳೆ ನಮ್ಮನಿಗೆ ಬರ್ರಿ. ಮುಯ್ಯಿ ತೀರಸ್ರಿ."

"ನಿಮ್ದು ಸ್ಲ್ಯಾಬಲ್ರೀ ಕಂಡಕ್ಟರ್ರ! ಏನ್ ತುಳ್ಯೂನು?" ಅಂತ ಮಾಸ್ತರ ನಕ್ರು. ನನಗ ಸಿಟ್ಟು ಬಂತು. "ಅದೆಲ್ಲಾ ಗೊತ್ತಿಲ್ಲ. ನಾ ಮಣ್ಣು ಹೊತ್ತೇನಿ, ನೀವು ಬರಬೇಕು."

ಮರುದಿನ ನಸುಕಿನ್ಯಾಗ ಎದ್ದು ಕಡ್ಲಿ ಹಿಟ್ಟಿನ ಜುಣಕಾ ಮಾಡಿದ್ನಿ. ಖಾನಾವಳಿಯಿಂದ ರೊಟ್ಟಿ ತಂದ್ನಿ. ಗಂಗಾಳ ಸಾಲಾಗಿಟ್ಟು ಬಾಗಲದಾಗ ಕುಂತ್ನಿ. ಎಂಟಾತು, ಒಂಬತ್ತಾತು, ಹತ್ತಾತು. ಓಣ್ಯಾಗ ಒಂದು ನಾಯಿ ಸೈತ ಬರ್ಲಿಲ್ಲ. ಖರೆ ಹೇಳ್ತೇನಿ, ಅಳೂ ಬಂತು. ಒಳಗ ಹೋಗಿ ಗಂಗಾಳ ಎತ್ತಿಡಾಕತ್ತಿದ್ನಿ.

ತಲಿ ಮ್ಯಾಲ ದಡ್ ದಡ್ ಸಪ್ಪಳಾತು. ಓಡಿ ಮ್ಯಾಲ ಹತ್ತಿದ್ರ, ಮಾಸ್ತರ, ಅಂಗಡ್ಯಾಂವ, ಅವನ ತಮ್ಮ ಮಾಳಿಗಿಯಿಂದ ಮಾಳಿಗಿಗೆ ದಾಟ್ಕೊಂತ ಬುಟ್ಟಿ ಬುಟ್ಟಿ ಮಣ್ಣು ತಂದು ನನ್ನ ಸ್ಲ್ಯಾಬ್ ಮ್ಯಾಲ ಸುರವಾಕತ್ತಾರ! ಆಚೆ ಮಾಳಿಗಿ ಕುಂಬಿ ಗ್ವಾಡಿ ಮ್ಯಾಲ ಮಾಸ್ತರ ಅವ್ವ ಕುಂತಾಳ. "ಮುಯ್ಯಿ ಅಂದ್ರ ಮುಯ್ಯಿ, ಯಪ್ಪಾ. ಮಣ್ಣಿನ ಋಣ ಮಣ್ಣಿಲೇ ತೀರಬೇಕು. ಬರೀ ಉಂಡು ಹೋದ್ರ ತೀರತೈತೇನು?"

ತುಳದ್ರು, ಉಂಡ್ರು, ಮಧ್ಯಾಹ್ನತನಾ ಹರಟಿ ಹೊಡದು ಹೋದ್ರು. ಆ ದಿನ ನಮ್ಮನಿ ತುಂಬಿತ್ತು.

ಆ ವಾರನ ಮಳಿ ಹೊಡೀತು. ಮಣ್ಣು ಹರದು ಹೋಗಿ ನೀರಿಳಿಯೂ ಪೈಪಿನ ಬಾಯಿಗೆ ಕುಂತು ಸ್ಲ್ಯಾಬ್ ಮ್ಯಾಲ ಕೆರಿ ನಿಂತಿತು. ಮುಂಜಾನೆ ನೋಡ್ತೇನಿ, ನಡುಮನ್ಯಾಗ ಟಪ್ ಟಪ್! ಕಟ್ಟಿಸಿದಾಗಿಂದ ಒಂದ ಹನಿ ಸೋರದ ಮನಿ. ಬರಿಗಾಲ್ಲೆ ಮಾಸ್ತರ ಬಾಗಲಿಗೆ ಓಡಿದ್ನಿ. ಅವರು ಗಾಬರಿ ಆಗಿ, "ಏನಾತ್ರೀ ಕಂಡಕ್ಟರ್ರ?" ಅಂದ್ರು.

"ಸೋರಾಕತ್ತೇತ್ರಿ ಮಾಸ್ತರ, ನಮ್ಮನೀನೂ ಸೋರಾಕತ್ತೇತಿ! ನಾಳೆ ಎಲ್ಲಾರೂ ಬರಬೇಕಾಗ್ತೈತಿ. ಜುಣಕಾ ಖಾರ ಇರ್ಲ್ಯೋ, ಸಪ್ಪಗಿರ್ಲ್ಯೋ?"