ಮುಳ್ಳಯ್ಯನಗಿರಿಗೆ ಮೂವರು

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಬೇಕು ಎಂದು ನಂಬಿದವನು ನಾನು. ಆಫೀಸಿನಲ್ಲಿ ನನ್ನ ನಂತರ ಸೇರಿದವನಿಗೆ ನನಗಿಂತ ಮೊದಲು ಬಡ್ತಿ ಸಿಕ್ಕಿತೆಂದು ಕರುಬಿದರೆ ಅದರಲ್ಲೊಂದು ಮರ್ಯಾದೆ ಇದೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಹೆಂಡತಿಯ ಸೋದರತ್ತೆಯ ಮಗನ ಮೇಲೆ, ಅದೂ ಪಿಯುಸಿ ದಾಟದವನ ಮೇಲೆ, ಒಬ್ಬ ಬಿ.ಎ. ಪದವೀಧರ ಕರುಬುವುದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ನೀವು ನಮ್ಮ ಕಡೆಯವರಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಬಿ.ಎ. ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೋರನಕಣಿವೆಯ ಕಡೆಯ ನಮ್ಮ ಹಟ್ಟಿಯಲ್ಲಿ ಕುರಿ ಬಿಟ್ಟು ಪುಸ್ತಕ ಹಿಡಿದ ಮೊದಲಿಗ ನಾನು. ಬಸ್ಸಿನ ಟಾಪಿನ ಮೇಲೆ ಕೂತು ತಿಪಟೂರಿನ ಕಾಲೇಜಿಗೆ ಹೋದವನು. ಇಂಗ್ಲಿಷ್ ಪೇಪರು ನನ್ನನ್ನು ಮತ್ತೆ ಮತ್ತೆ ಕೆಡವಿತು, ನಾನೂ ಮತ್ತೆ ಮತ್ತೆ ಎದ್ದು ಪರೀಕ್ಷೆ ಕಟ್ಟಿದೆ. ಕಡೆಗೆ ಸಾಕಾಗಿ ಅದೇ ಬಿಟ್ಟುಕೊಟ್ಟಿತು. ಆ ಪದವಿಯಿಂದಲೇ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದೆ. ನೊಣವಿನಕೆರೆ ಹತ್ತಿರದ ತೆಂಗಿನ ತೋಟದವರು ತಮ್ಮ ಮಗಳು ಸರೋಜಳನ್ನು ಕೊಟ್ಟದ್ದೂ ಅದರಿಂದಲೇ.

ನಮ್ಮವರಲ್ಲಿ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರತ್ತೆಯ ಮಗನದು. ಸರೋಜಳ ಪಾಲಿಗೆ ಆ ಹಕ್ಕುದಾರ ತುರುವೇಕೆರೆ ಕಡೆಯ ಕಾಂತರಾಜು. ಆಳೆತ್ತರದ ಆಸಾಮಿ, ದೊಡ್ಡ ತೋಟ, ಅದಕ್ಕಿಂತ ದೊಡ್ಡ ನಗು. ಮದುವೆಯ ಹಿಂದಿನ ದಿನ ನಾನೇ ಅವನ ಕೈಗೆ ವೀಳ್ಯ, ಪಂಚೆ ಕೊಟ್ಟು ಒಪ್ಪಿಗೆ ಕೇಳಬೇಕಾಯಿತು. ಮುಖ ಗಂಟಿಕ್ಕಿದ್ದರೆ ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ. ಅವನು ನಗುತ್ತಲೇ ತೆಗೆದುಕೊಂಡ. ಅವತ್ತಿನಿಂದ ಒಂದೇ ಅನುಮಾನ: ಇವಳು ನನಗಾಗಿ ಅವನನ್ನು ಬಿಟ್ಟಳೋ, ಅವನು ಬಿಟ್ಟದ್ದು ನನಗೆ ಬಂತೋ? ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೂ ಅದು ಹೋಗಲಿಲ್ಲ.

ಪಕ್ಕದ ಮನೆಯವರು ಊಟಿಗೆ ಹೋಗಿಬಂದು ಆಲ್ಬಂ ತೋರಿಸಿದ್ದೇ ತೋರಿಸಿದ್ದು, ನಾವಿಬ್ಬರೇ ಮುಳ್ಳಯ್ಯನಗಿರಿಗೆ ಹೋಗೋಣ ಎಂದೆ. ಮಕ್ಕಳನ್ನು ಅಜ್ಜಿಯ ಮನೆಯಲ್ಲಿ ಬಿಡುವುದು, ಬಾಡಿಗೆ ಕಾರು ಮಾಡುವುದು ಎಂದು ನಿಶ್ಚಯವಾಯಿತು. ಸರೋಜ ಅವಳ ತಾಯಿಗೆ ಹೇಳಿದಳು, ಆಕೆ ನಾದಿನಿಗೆ, ಅಂದರೆ ಕಾಂತರಾಜುವಿನ ತಾಯಿಗೆ ಹೇಳಿದರು. ಹೊರಡುವ ದಿನ ಬೆಳಗ್ಗೆ ಬಾಗಿಲಲ್ಲಿ ಕಾಂತರಾಜುವಿನ ವ್ಯಾನು ನಿಂತಿತ್ತು. ತಾನಿರುವಾಗ ಬಾಡಿಗೆ ಗಾಡಿ ಏಕೆ ಎಂದು ಅವನು ಕೇಳಿದ. ಸೈಕಲ್ಲಿನಿಂದಾಚೆಗೆ ಏನನ್ನೂ ಓಡಿಸಲು ಬಾರದ ನಾನು ಚೀಲಗಳನ್ನು ತಂದು ವ್ಯಾನಿಗೆ ತುಂಬಿದೆ.

ವ್ಯಾನಿನ ಹಿಂಭಾಗದಲ್ಲಿ ಎಳನೀರಿನ ಗೊನೆ ಬೇರೆ. ಇದರ ಗಾಂಭೀರ್ಯ ಹೊರಗಿನವರಿಗೆ ತಿಳಿಯದು. ನಮ್ಮ ಸೀಮೆಯಲ್ಲಿ ಕಾಯಿ ಬಲಿತು, ಅಟ್ಟ ಸೇರಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯಾಗುವವರೆಗೆ ಕಾಯುತ್ತಾರೆ. ಎಳನೀರು ಕೀಳುವುದೆಂದರೆ ಕೊಬ್ಬರಿಯ ಕತ್ತು ಹಿಸುಕಿದಂತೆ. ನನ್ನ ಮಾವ ನನಗೆಂದು ಎಳನೀರು ಕೆಡವಿಸಿದ್ದು ಕಾಮಾಲೆಯಾದಾಗ ಮಾತ್ರ. ಇವನು ಸರೋಜಳಿಗಾಗಿ ಗೊನೆಯನ್ನೇ ಇಳಿಸಿದ್ದ.

ಮುಂದಿನ ಸೀಟನ್ನು ನಾನೇ ಹಿಡಿದೆ. ಪ್ರಯೋಜನವಾಗಲಿಲ್ಲ. ಬೇಲಿ ಹಾರುವ ಮೇಕೆಯಂತೆ ಅವರ ಮಾತು ನನ್ನ ತಲೆಯ ಮೇಲಿಂದ ಹಾರುತ್ತಿತ್ತು. ಅರಸೀಕೆರೆ ದಾಟುವವರೆಗೆ ಚಿಕ್ಕಂದಿನಲ್ಲಿ ಯಾರು ಯಾವ ಬಾವಿಗೆ ಬಿದ್ದರೆಂಬ ಕಥೆ, ಕಡೂರಿನವರೆಗೆ ಯಾರು ಎತ್ತಿದರೆಂಬ ಕಥೆ. ಎತ್ತಿದವನು ಪ್ರತಿ ಸಲವೂ ಕಾಂತರಾಜುವೇ. ಚಿಕ್ಕಮಗಳೂರು ಕಳೆದು ಬೆಟ್ಟದ ತಿರುವುಗಳು ಶುರುವಾದವು. ನನ್ನ ಹೊಟ್ಟೆ ಒಂದೊಂದು ತಿರುವಿಗೂ ತಿರುಗಿತು. ವ್ಯಾನು ನಿಲ್ಲಿಸಿ, ವಾಂತಿ ಮಾಡಿಸಿ, ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಸರೋಜ ಮುಂದೆ ಹೋಗಿ ಕೂತಳು. ದಾರಿಯ ಟೀ ಅಂಗಡಿಯವಳು ಒಳಗೆ ಇಣುಕಿ, "ನಿಮ್ಮ ಯಜಮಾನ್ರು ಕೆಳಗಿಳೀಲಿ, ಟೀ ಕುಡೀಲಿ. ಹಿಂದೆ ಮಲಗಿರೋ ಹಿರೀರಿಗೆ ನಿಂಬೆಹಣ್ಣು ಮೂಸ್ಸಿ ತಾಯಿ" ಎಂದಳು. ಯಜಮಾನನೆನಿಸಿಕೊಂಡ ಕಾಂತರಾಜು ಬಿದ್ದು ಬಿದ್ದು ನಕ್ಕ. ಸರೋಜಳೂ ನಕ್ಕಳು. ನಾನು ನಿಂಬೆಹಣ್ಣು ಮೂಸಿದೆ.

ವ್ಯಾನು ಹೋಗದ ಕಡೆ ಇಳಿದು ನಡೆದೆವು. ಸರೋಜ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋಗಿಬಿಟ್ಟಳು. ಸುತ್ತ ಮಂಜು. ಏದುಸಿರು ಬಿಡುತ್ತ ಒಂದು ಬಂಡೆಯ ಮೇಲೆ ಕೂತವನು ತಡೆಯಲಾರದೆ ಕೇಳಿಯೇಬಿಟ್ಟೆ, "ಕಾಂತರಾಜು, ಸರೋಜನ್ನ ನೀನ್ಯಾಕಪ್ಪ ಬೇಡ ಅಂದೆ?"

"ನಾನೆಲ್ಲಿ ಬ್ಯಾಡ ಅಂದೆ ಅಣ್ಣಯ್ಯ? ನಮ್ಮವ್ವ ಹೆಣ್ಣು ಕೇಳಾಕೆ ಹೋಗಿದ್ಲು. ಇವ್ಳೇ, ಡಿಗ್ರಿ ಮಾಡಿರೋನೇ ಆಗ್ಬೇಕು ಅಂತ ಊಟ ಬುಟ್ಟು ಕುಂತ್ಲು. ಇನ್ನೇನ್ ಮಾಡ್ಲಿ? ನೀವ್ ಕೊಟ್ಟ ಪಂಚೆ ಇಸ್ಕೊಂಡೆ."

ಮಂಜು ಸರಿದು ಕೆಳಗಿನ ಕಣಿವೆಯೆಲ್ಲ ಒಮ್ಮೆಲೇ ಕಂಡಿತು. ಗಾಳಿಗೆ ಸರಿದಿರಬೇಕು, ನಾನು ಮಾತ್ರ ಅದು ನನ್ನ ಪದವಿಗೆ ಸಂದ ಗೌರವವೆಂದೇ ತಿಳಿದೆ. ನನ್ನನ್ನು ಕೆಡವಿದ ಇಂಗ್ಲಿಷ್ ಪೇಪರುಗಳನ್ನೆಲ್ಲ ಕ್ಷಮಿಸಿದೆ. ಪಾಪ, ಎಂಥ ಒಳ್ಳೆಯ ಹುಡುಗ ಎನ್ನಿಸಿ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟೆ. ಅದಕ್ಕೆ ತುದಿಗಾಲಲ್ಲಿ ನಿಲ್ಲಬೇಕಾಯಿತು.

ಆ ಪ್ರೀತಿಗೆ ಅವನೂ ಕರಗಿದ. "ಆ ಬಿ.ಎಸ್ಸಿ. ಹುಡುಗನ್ ಜಾತಕ ಒಂದ್ ಕೂಡಿದ್ರೆ ಅವನನ್ನೇ ಆಗಿರೋಳು ಕಣಣ್ಣಯ್ಯ. ಕೂಡ್ಲಿಲ್ಲ. ಆಮೇಲೆ ನೀವ್ ಸಿಕ್ಕುದ್ರಿ. ಒಳ್ಳೇದೇ ಆಯ್ತು ಬುಡಿ."

ಯಾವ ಬಿ.ಎಸ್ಸಿ. ಎಂದು ಕೇಳಿದೆ. ಚಿಕ್ಕನಾಯಕನಹಳ್ಳಿ ಕಡೆಯವನಂತೆ, ಹೆಸರು ನೆನಪಿಲ್ಲವಂತೆ.

ಇದಾಗಿ ಕೆಲವು ವರ್ಷಗಳಾದವು. ಕಾಂತರಾಜು ಈಗ ನನ್ನ ಆಪ್ತ. ಅವನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಹಾಗೆಯೇ ಆ ಬಿ.ಎಸ್ಸಿ.ಗೆ ವರ್ಗವಾಗಿದೆ. ಕಚೇರಿಗೆ ಚಿಕ್ಕನಾಯಕನಹಳ್ಳಿ ಕಡೆಯಿಂದ ಯಾರೇ ಬರಲಿ, ಎಲ್ಲಿಯವರೆಗೆ ಓದಿದ್ದೀರಿ ಎಂದು ಕೇಳುತ್ತೇನೆ. ವಿಜ್ಞಾನ ಎಂದರೆ, ಸಾಹೇಬರಿಲ್ಲ, ನಾಳೆ ಬನ್ನಿ ಎನ್ನುತ್ತೇನೆ. ಸರೋಜಳನ್ನೂ ಒಮ್ಮೆ ತಮಾಷೆಗೆಂಬಂತೆ ಕೇಳಿದೆ. ಅಕ್ಕಿ ಆರಿಸುತ್ತಿದ್ದವಳ ಕೈ ಅರೆಕ್ಷಣ ನಿಂತಿತು. "ಅಯ್ಯೋ, ಮುಖಾನೂ ನೆನಪಿಲ್ಲ ಕಣ್ರೀ" ಎಂದಳು. ಮರೆತವರ ಕೈ ನಿಲ್ಲುವುದಿಲ್ಲ. ಕಾಂತರಾಜುವಿಗಾದರೆ ಕಣ್ಣೆದುರೇ ಹೊಟ್ಟೆ ಬಂತು, ಕೂದಲು ನರೆಯಿತು. ನೋಡಿ ಸಮಾಧಾನಪಟ್ಟುಕೊಂಡೆ. ಆ ಬಿ.ಎಸ್ಸಿ. ಮಾತ್ರ ಇವತ್ತಿಗೂ ಇಪ್ಪತ್ತೈದರ ಹುಡುಗ. ನಾನು ಅವನನ್ನು ನೋಡುವವರೆಗೆ ಅವನಿಗೆ ವಯಸ್ಸಾಗುವ ಹಾಗೆಯೇ ಕಾಣುವುದಿಲ್ಲ.